ಮೊಲದ ಮಾತು, ಸಿಂಹದ ಸೊಕ್ಕು: ಒಂದು ಕಥಾಪಾಠ

ಎಳೆಯ ಜೀವವೊಂದು ಕ್ರೂರ ಮೃಗವನ್ನು ಜಾಣ್ಮೆಯಿಂದ ಗೆಲ್ಲುವ ಕಥೆ ಕೆಳಗಿನ ತರಗತಿಗಳಿಗೆ ಬಹು ಪ್ರಿಯವಾದುದು. ತುರೋರಿಯಂಥ ಗಡಿಯೂರಿನ ಮಗು, ಕುಂಬಳಕಾಯಿಯೊಳಗೆ ಕುಳಿತು ಹುಲಿಯಿಂದ ಪಾರಾಗುವ ಅಜ್ಜಿಯ ಮರಾಠಿ ಕಥೆಯನ್ನು ಓಣಿಯಲ್ಲಿಯೇ ಕೇಳಿರುವ ಸಂಭವವುಂಟು. ಅದನ್ನು ಮೊದಲು ಮಗುವಿನ ಬಾಯಿಂದಲೇ, ಅದಕ್ಕೆ ಒಗ್ಗಿದ ಭಾಷೆಯಲ್ಲಿ ಹೇಳಿಸಿ, ಆಮೇಲೆ ಪಂಚತಂತ್ರದ ಮೊಲ–ಸಿಂಹದ ಕಥೆಗೆ ಬರುವುದು ಲೇಸು.

ಪಂಚತಂತ್ರವೂ ಈ ನೆಲಕ್ಕೆ ಹೊರಗಿನದಲ್ಲ. ಉಮರ್ಗಾಕ್ಕೆ ನೆರೆಯಾದ ಬಸವಕಲ್ಯಾಣದ ಹೆಸರಿನಿಂದಲೇ ಪ್ರಸಿದ್ಧರಾದ ಕಲ್ಯಾಣ ಚಾಲುಕ್ಯರಲ್ಲಿ ಜಗದೇಕಮಲ್ಲ ಜಯಸಿಂಹನ ಆಶ್ರಯದಲ್ಲಿದ್ದ ದುರ್ಗಸಿಂಹನು ಸುಮಾರು 1031ರಲ್ಲಿ ಅದನ್ನು ಕನ್ನಡಿಸಿದನು.

ದಿನಕ್ಕೊಂದು ಪ್ರಾಣಿ ಸಿಂಹಕ್ಕೆ ಆಹಾರವಾಗಬೇಕೆಂಬ ಕರಾರು. ಸರದಿ ಬಂದ ಮೊಲವು ಬೇಕೆಂದೇ ತಡಮಾಡಿ ಹೋಗುತ್ತದೆ. ಇನ್ನೊಂದು ಸಿಂಹ ಅಡ್ಡಗಟ್ಟಿತೆಂದು ಹೇಳುತ್ತದೆ. ಬಾವಿಯ ಬಳಿಗೆ ಕರೆದೊಯ್ಯುತ್ತದೆ. ಶಿಕ್ಷಕರು ಬಾವಿಯ ದಂಡೆಯಲ್ಲಿ ಕಥೆಯನ್ನು ನಿಲ್ಲಿಸಬೇಕು. ಮುಂದೇನೆಂದು ಕೇಳುವುದಕ್ಕಿಂತ, ಮೊಲವು ತಡಮಾಡಿದ್ದೇಕೆ ಎಂದು ಕೇಳುವುದು ಮೇಲು. ಹಸಿವು ಸಿಟ್ಟಾಗಿ, ಸಿಟ್ಟು ವಿವೇಕವನ್ನು ಕೆಡಿಸುವುದನ್ನು ಮೊಲ ಮೊದಲೇ ಎಣಿಸಿತ್ತೆಂಬುದನ್ನು ಮಕ್ಕಳು ತಾವಾಗಿ ಕಂಡುಕೊಳ್ಳಬೇಕು. ಉತ್ತರಕ್ಕೆ ಅವಸರಪಡಿಸಿದರೆ ಪಾಠ ಅಲ್ಲಿಗೇ ಮುಗಿಯಿತು.

ಮೊಲದ ಗೆಲುವೆಲ್ಲ ಮಾತಿನದು. ಇಲ್ಲದ ಸಿಂಹವನ್ನು ಅದು ‘ಎಂದು’ ಎಂಬ ಸಣ್ಣ ಪದದಿಂದ ಸೃಷ್ಟಿಸುತ್ತದೆ. ಈ ಪದಕ್ಕೆ ಎರಡು ಕೆಲಸಗಳುಂಟು: ಪರರ ಮಾತನ್ನು ತಿಳಿಸುವುದು, ಕಾರಣ ಹೇಳುವುದು. ‘ಬರುತ್ತೇನೆಂದು ಹೇಳಿದನು’, ‘ಹಸಿವಾಯಿತೆಂದು ಅತ್ತನು’. ಮರಾಠಿಯ ‘ಮ್ಹಣೂನ್’ ಕೂಡ ಇವೆರಡನ್ನೂ ಮಾಡುತ್ತದೆ. ‘ಭೂಕ್ ಲಾಗಲೀ ಮ್ಹಣೂನ್ ರಡಲಾ’ ಎನ್ನುವ ಮಗುವಿಗೆ ಕನ್ನಡದ ವಾಕ್ಯರಚನೆ ಅರ್ಧ ಬಂದಂತೆಯೇ. ಶತಮಾನಗಳ ನೆರೆಹೊರೆಯಿಂದ ಎರಡೂ ಭಾಷೆಗಳಿಗೆ ದೊರೆತ ಈ ಹೋಲಿಕೆಯನ್ನು ತಪ್ಪೆಂದು ತಿದ್ದದೆ ಮೆಟ್ಟಿಲಾಗಿ ಬಳಸಬೇಕು. ಮಕ್ಕಳು ಸಿಂಹದೆದುರಿನ ಮೊಲವಾಗಿ ನಿಂತು ತಡವಾದುದಕ್ಕೆ ತಮ್ಮದೇ ಕಾರಣ ಹೇಳಲಿ. ‘ಅಂತ’ ಎಂದರೂ ನಡೆಯುತ್ತದೆ. ‘ಎಂದು’ ಬರವಣಿಗೆಗೆ ಬಂದಾಗ ನೋಡಿಕೊಳ್ಳಬಹುದು.

ಒಂದು ಎಚ್ಚರಿಕೆಯನ್ನು ಮಾತ್ರ ಬಿಡುವಂತಿಲ್ಲ. ಮರಾಠವಾಡದ ಕುರುಚಲು ಬಯಲಿನಲ್ಲಿ ತೋಳಗಳಿವೆ. ಚಿರತೆಯೂ ಹೊಲಗಳತ್ತ ಬರುವುದುಂಟು. ಕುರಿ, ಆಡು ಕಾಯಲು ಹೋಗುವ ಮಕ್ಕಳು ತರಗತಿಯಲ್ಲಿರುತ್ತಾರೆ. ಕಥೆಯ ಸಿಂಹ ಬಿದ್ದುದು ತನ್ನ ಸೊಕ್ಕಿನಿಂದ; ನಿಜವಾದ ಚಿರತೆಗೆ ಸೊಕ್ಕಿಲ್ಲ, ಅದನ್ನು ಮಾತಿನಿಂದ ಮರುಳುಮಾಡಲಾಗದು. ಆದ್ದರಿಂದ ಅದೇ ದಿನ ಇಷ್ಟನ್ನು ಹೇಳಿ, ಅಂಗಳದಲ್ಲಿ ಮಾಡಿಸಿಯೂ ನೋಡಬೇಕು: ಮುಸ್ಸಂಜೆಯಲ್ಲಿ ಒಬ್ಬರೇ ಹೋಗಬಾರದು, ಚಿರತೆ ಕಂಡರೆ ಓಡಬಾರದು, ಬಗ್ಗಬಾರದು, ಕೂರಬಾರದು, ಕೈಯೆತ್ತಿ ದೊಡ್ಡದಾಗಿ ಕಾಣಿಸಿಕೊಂಡು, ಗಟ್ಟಿಯಾಗಿ ಕೂಗುತ್ತ, ಬೆನ್ನು ತೋರಿಸದೆ ಮೆಲ್ಲಗೆ ಹಿಂದೆ ಸರಿಯಬೇಕು, ಮರಿಯೊಡನಿರುವ ಚಿರತೆಯ ಹತ್ತಿರ ಸುಳಿಯಲೇಬಾರದು. ಆಡನ್ನು ಹಿಡಿದರೆ ಆಡನ್ನು ಬಿಟ್ಟು ಹಿರಿಯರನ್ನು ಕರೆಯಬೇಕು. ಆಡು ಹೋಯಿತೆಂದು ಮಗುವನ್ನು ಬೈಯಬಾರದೆಂಬ ಮಾತನ್ನು ಪಾಲಕರ ಸಭೆಯಲ್ಲಿ ಹೇಳಬೇಕಾದವರೂ ಶಿಕ್ಷಕರೇ.