ಮನೆಗೆ ಬರುವ ಆರೈಕೆಗಾರನ ಧಣಿ ಯಾರು?
(ಆಸ್ಟ್ರೇಲಿಯಾದ ಒಂದು ಹೊಸ ಪದ್ಧತಿಯ ಪರಿಚಯ)

ನಮ್ಮ ವಾಚನಾಲಯಕ್ಕೆ ದಿನವೂ ಸಂಜೆ ಬರುವ ಮಿತ್ರರೊಬ್ಬರು ಹೋದ ತಿಂಗಳು ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದು, "ಇದನ್ನು ಸ್ವಲ್ಪ ಓದಿ ಹೇಳ್ರಿ. ನೀವು ಮಿಲ್ಲಿನಲ್ಲಿ ಪಗಾರದ ಲೆಕ್ಕ ಬರೆಯುವವರು, ನಿಮಗೆ ತಿಳಿದೀತು" ಎಂದರು. ಅವರ ಅಕ್ಕನ ಮಗ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಓದುತ್ತಿದ್ದಾನೆ. "ಮಾಮಾ, ನನಗೆ ಆ್ಯಪಿನ ಮೂಲಕ ಕೆಲಸ ಸಿಕ್ಕಿದೆ. ವಾರಕ್ಕೆ ಐದು ದಿನ ಮುಂಜಾನೆ ಮೂರು ತಾಸು ಒಬ್ಬ ವೃದ್ಧರನ್ನು ನೋಡಿಕೊಳ್ಳಬೇಕು. ಸ್ನಾನ ಮಾಡಿಸುವುದು, ನಾಷ್ಟಾ ಕೊಡುವುದು, ತಿರುಗಾಡಿಸಿಕೊಂಡು ಬರುವುದು. ತಾಸಿಗೆ ಒಳ್ಳೆಯ ಹಣ ಬರುತ್ತದೆ" ಎಂದು ಹುಡುಗ ಬರೆದಿದ್ದ. ಮಿತ್ರರು, "ಕಂಪನಿ ಯಾವುದು? ಪ್ರಾವಿಡೆಂಟ್ ಫಂಡ್ ಹಿಡಿಯುತ್ತಾರೆಯೇ? ರಜೆ ಉಂಟೇ?" ಎಂದು ಕೇಳಿದ್ದರು. ಅದಕ್ಕೆ ಅವನ ಉತ್ತರ: "ಕಂಪನಿ ಇಲ್ಲ ಮಾಮಾ, ನನಗೆ ನಾನೇ ಧಣಿ."

ಈ ಉತ್ತರ ಕೇಳಿ ಮಿತ್ರರಿಗೆ ಸಂತೋಷವೂ ಆಯಿತು, ಗಾಬರಿಯೂ ಆಯಿತು. ನಾನು ಮೆಟ್ರಿಕ್ ಓದಿದವನು, ಕಾಯದೆಯ ಪಂಡಿತನಲ್ಲ. ಆದರೆ ಒಬ್ಬ ಕೆಲಸಗಾರನ ಹೆಸರು ಯಾರ ಮಸ್ಟರಿನಲ್ಲಿದೆ ಎಂಬುದರ ಮೇಲೆ ಅವನ ಬಾಳು ಎಷ್ಟು ನಿಂತಿದೆ ಎಂಬುದನ್ನು ದಿನವೂ ಕಣ್ಣಾರೆ ಕಾಣುವವನು. ಆದುದರಿಂದ ಈ ವಿಷಯವಾಗಿ ಓದಿ ತಿಳಿದುಕೊಂಡದ್ದನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇನೆ. ನಮ್ಮಲ್ಲಿ ಅನೇಕರ ಅಣ್ಣ ತಮ್ಮಂದಿರು, ಮಕ್ಕಳು ಆ ದೇಶಕ್ಕೆ ಹೋಗಿದ್ದಾರೆ, ಹೋಗುವವರೂ ಇದ್ದಾರೆ.

ಈ ಪದ್ಧತಿ ಹುಟ್ಟಿದ ಬಗೆ

ಮೊದಲು ಆ ದೇಶದಲ್ಲಿ ಅಂಗವಿಕಲರಿಗೂ ವೃದ್ಧರಿಗೂ ಸಹಾಯ ಹೇಗೆ ದೊರೆಯುತ್ತಿತ್ತು ಎಂಬುದನ್ನು ತಿಳಿಯಬೇಕು. ಸರಕಾರವು ಸೇವಾಸಂಸ್ಥೆಗಳಿಗೆ ಹಣ ಕೊಡುತ್ತಿತ್ತು; ಸಂಸ್ಥೆಯವರು ಯಾರನ್ನು ಯಾವಾಗ ಕಳಿಸುತ್ತಾರೋ ಅವರೇ ಗತಿ. ಇಂದು ಒಬ್ಬರು, ನಾಳೆ ಇನ್ನೊಬ್ಬರು. ಸ್ನಾನ ಮಾಡಿಸುವವರು ಬರುವ ತನಕ ಹಾಸಿಗೆಯಲ್ಲಿ ಕಾದಿರಬೇಕು. ಯಾರ ಕೈಯಿಂದ ಸ್ನಾನ ಮಾಡಿಸಿಕೊಳ್ಳಬೇಕೆಂದು ಹೇಳುವ ಹಕ್ಕು ಆ ಮನುಷ್ಯನಿಗೇ ಇರಲಿಲ್ಲ.

2011ರಲ್ಲಿ ಆ ದೇಶದ ಉತ್ಪಾದಕತಾ ಆಯೋಗವು ಇದನ್ನು ಪೂರ್ತಿ ಬದಲಿಸಬೇಕೆಂದು ವರದಿ ಕೊಟ್ಟಿತು. ಅದರಂತೆ 2013ರಲ್ಲಿ ರಾಷ್ಟ್ರೀಯ ಅಂಗವಿಕಲರ ವಿಮಾ ಯೋಜನೆಯ ಕಾಯದೆಯಾಗಿ, ಆ ವರ್ಷದ ಜುಲೈ 1ರಿಂದ ಕೆಲವು ಪ್ರದೇಶಗಳಲ್ಲಿ ಪ್ರಯೋಗವಾಗಿ ಆರಂಭವಾಯಿತು. 2020ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿತು. ಎನ್.ಡಿ.ಐ.ಎಸ್. ಎಂದು ಕರೆಯುವುದು ಇದನ್ನೇ. 65 ವರ್ಷದೊಳಗೆ ಸೇರಿದ, ಶಾಶ್ವತವಾದ ಅಂಗವೈಕಲ್ಯವುಳ್ಳ 7 ಲಕ್ಷಕ್ಕೂ ಹೆಚ್ಚು ಜನ ಇದರಲ್ಲಿದ್ದಾರೆ. ಇದರ ಮುಖ್ಯ ತತ್ತ್ವವೆಂದರೆ ಹಣವನ್ನು ಸಂಸ್ಥೆಯ ಹೆಸರಿಗೆ ಮಂಜೂರು ಮಾಡದೆ, ಆ ವ್ಯಕ್ತಿಯ ಹೆಸರಿಗೇ ಮಂಜೂರು ಮಾಡುವುದು. ಅವನು ಆ ಹಣದ ಲೆಕ್ಕವನ್ನು ತಾನೇ ನೋಡಿಕೊಳ್ಳಬಹುದು, ಲೆಕ್ಕ ನೋಡುವ ಸಂಸ್ಥೆಗೆ ಒಪ್ಪಿಸಬಹುದು, ಇಲ್ಲವೇ ಸರಕಾರಿ ಕಚೇರಿಗೇ ಬಿಡಬಹುದು.

ವೃದ್ಧರ ಕತೆ ಬೇರೆ. ಅವರಿಗೆ ಮನೆಯಲ್ಲಿಯೇ ಸಹಾಯ ಕೊಡುವ ಯೋಜನೆ ಹಿಂದಿನಿಂದ ಇದ್ದಿತು. 2017ರ ಫೆಬ್ರವರಿಯಿಂದ ಆ ಹಣವೂ ಸಂಸ್ಥೆಯ ಬದಲು ವೃದ್ಧರ ಹೆಸರಿಗೆ ಬರತೊಡಗಿತು. ಆದರೆ ಸರದಿ ಬಹಳ ಉದ್ದ. ವೃದ್ಧರ ಆರೈಕೆಯ ವಿಚಾರಣೆಗೆಂದು 2018ರಲ್ಲಿ ನೇಮಿಸಿದ ರಾಯಲ್ ಕಮಿಷನ್ 2019ರಲ್ಲಿ ಮಧ್ಯಂತರ ವರದಿ ಕೊಟ್ಟಾಗ ಅದಕ್ಕೆ "ನಿರ್ಲಕ್ಷ್ಯ" ಎಂಬರ್ಥದ ಒಂದೇ ಶಬ್ದವನ್ನು ಶೀರ್ಷಿಕೆಯಾಗಿ ಇಟ್ಟಿತು. ಒಂದೇ ವರ್ಷದಲ್ಲಿ 16,000ಕ್ಕೂ ಹೆಚ್ಚು ವೃದ್ಧರು ಸಹಾಯದ ಸರದಿಯಲ್ಲಿ ಕಾಯುತ್ತಲೇ ತೀರಿಕೊಂಡಿದ್ದರೆಂದು ಆ ವರದಿ ಹೇಳಿತು. ಸಿರಿವಂತ ದೇಶವೆಂದು ನಾವು ತಿಳಿದಿರುವಲ್ಲಿ ಈ ಸ್ಥಿತಿ! 2021ರ ಕೊನೆಯ ವರದಿಯಲ್ಲಿ 148 ಶಿಫಾರಸುಗಳಿದ್ದವು. ಅದರ ಫಲವಾಗಿ 2024ರಲ್ಲಿ ಹೊಸ ಕಾಯದೆಯಾಗಿ, 2025ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಹಳೆಯ ಯೋಜನೆಯ ಸ್ಥಾನದಲ್ಲಿ ಎಂಟು ಮಟ್ಟಗಳ ಹೊಸ ಯೋಜನೆ ಬಂದಿತು.

ಹಣ ವ್ಯಕ್ತಿಯ ಕೈಗೆ ಬಂದಿತು, ಸರಿ. ಆದರೆ ಆರೈಕೆ ಮಾಡುವ ಮನುಷ್ಯನನ್ನು ಅವನು ಹುಡುಕುವುದು ಎಲ್ಲಿ? ಈ ತೆರವನ್ನು ತುಂಬಲು ಬಂದವೇ ಜಾಲತಾಣಗಳು ಮತ್ತು ಆ್ಯಪ್‌ಗಳು. 2014ರಲ್ಲಿ ಬೆಟರ್ ಕೇರಿಂಗ್ ಎಂಬ ಹೆಸರಿನಿಂದ ಒಂದು ಆರಂಭವಾಯಿತು. ಮುಂದೆ ಅದರ ಹೆಸರು ಮೇಬಲ್ ಎಂದಾಯಿತು. ಅದೇ ಸುಮಾರಿಗೆ ಜೋರ್ಡನ್ ಓ'ರೈಲಿ ಮತ್ತು ಲಾರಾ ಓ'ರೈಲಿ ಎಂಬ ಒಡಹುಟ್ಟಿದವರು, ಅಂಗವಿಕಲನಾದ ತಮ್ಮ ಸಹೋದರನ ಆರೈಕೆಯ ಕಷ್ಟವನ್ನು ಮನೆಯಲ್ಲಿಯೇ ಕಂಡವರು, ಹೈರ್ಅಪ್ ಎಂಬುದನ್ನು ಕಟ್ಟಿದರು.

ಕೆಲಸ ನಡೆಯುವ ರೀತಿ

ಆರೈಕೆ ಮಾಡಬಯಸುವವನು ತನ್ನ ಭಾವಚಿತ್ರ, ಅನುಭವ, ಕಲಿತ ವಿದ್ಯೆ, ಬಲ್ಲ ಭಾಷೆಗಳು, ಬಿಡುವಿನ ವೇಳೆ ಇವನ್ನು ಅಲ್ಲಿ ಬರೆಯುತ್ತಾನೆ. ಪೊಲೀಸ್ ತನಿಖೆಯ ಕಾಗದಗಳನ್ನು ಒದಗಿಸುತ್ತಾನೆ. ಬೇಕಾದ ಮನೆಯವರು ಓದಿ, ಮಾತಾಡಿ, ಒಪ್ಪಿಗೆಯಾದರೆ ವೇಳೆ ಗೊತ್ತುಮಾಡುತ್ತಾರೆ. ಕೆಲಸ ಮುಗಿದ ಮೇಲೆ ತಾಸಿನ ಲೆಕ್ಕ ಬರೆದು ಕಳಿಸಿದರೆ ಹಣ ಆ್ಯಪಿನ ಮೂಲಕವೇ ಸಲ್ಲುತ್ತದೆ. ಆ್ಯಪಿನವರು ತಮ್ಮ ಪಾಲನ್ನು ಹಿಡಿದುಕೊಳ್ಳುತ್ತಾರೆ.

ಇದರಿಂದ ಆದ ಉಪಕಾರ ಸಣ್ಣದಲ್ಲ. ಭಾಷೆಯ ಒಂದು ಮಾತನ್ನೇ ನೋಡಿರಿ. ಎರಡನೆಯ ಮಹಾಯುದ್ಧದ ತರುವಾಯ ಮೆಲ್ಬರ್ನಿಗೆ ಬಂದು ದುಡಿದ ಗ್ರೀಕರು, ಇಟಾಲಿಯನ್ನರು ಈಗ ವೃದ್ಧರಾಗಿದ್ದಾರೆ. ಮರೆವಿನ ರೋಗ ಬಂದಾಗ ನಡುವೆ ಕಲಿತ ಇಂಗ್ಲಿಷು ಮೊದಲು ಜಾರಿಹೋಗಿ, ತಾಯಿಯ ಭಾಷೆ ಮಾತ್ರ ಉಳಿಯುವುದುಂಟು. ಅಂಥವರಿಗೆ ಗ್ರೀಕ್ ಬಲ್ಲ ಒಬ್ಬನನ್ನು ಹುಡುಕಿ ಕರೆಸಿಕೊಳ್ಳಲು ಈ ಪದ್ಧತಿಯಲ್ಲಿ ಸಾಧ್ಯ. ಪರಸ್ಥಳದಲ್ಲಿ ಕನ್ನಡದ ಒಂದು ಮಾತಿಗಾಗಿ ಈ ವಾಚನಾಲಯಕ್ಕೆ ಬರುವ ನಮಗೆ ಅದರ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡು ಬಗೆಯ ಆ್ಯಪ್‌ಗಳು

ಇಲ್ಲಿಯೇ ವಾಚಕರು ಗಮನವಿಟ್ಟು ನೋಡಬೇಕಾದ ಭೇದವಿದೆ. ಹೊರಗಿನಿಂದ ನೋಡಿದರೆ ಎಲ್ಲ ಆ್ಯಪ್‌ಗಳೂ ಒಂದೇ ತೆರನಾಗಿ ಕಾಣುತ್ತವೆ. ಮಸ್ಟರ್ ತೆರೆದು ನೋಡಿದರೆ ಬೇರೆ.

ಒಂದು ಬಗೆಯಲ್ಲಿ ಆ್ಯಪಿನ ಸಂಸ್ಥೆಯೇ ಧಣಿ. ಹೈರ್ಅಪ್ ಈ ಜಾತಿಯದು. ಕೆಲಸಗಾರನು ಅಲ್ಲಿ ತಾತ್ಪೂರ್ತಿಕ ನೌಕರ. ಅವನಿಗೆ ಸಂಬಳ ಸಹಿತ ರಜೆ ಇಲ್ಲ. ಅದಕ್ಕೆ ಬದಲಾಗಿ ಮೂಲ ದರದ ಮೇಲೆ ನೂರಕ್ಕೆ 25ರಂತೆ ಹೆಚ್ಚು ಕೊಡಬೇಕೆಂದು ನಿಯಮವಿದೆ. ಅವನ ನಿವೃತ್ತಿ ನಿಧಿಗೆ ಧಣಿಯು ತನ್ನ ಕೈಯಿಂದ ಹಣ ತುಂಬಬೇಕು. 2025ರ ಜುಲೈ 1ರಿಂದ ಅದು ನೂರಕ್ಕೆ 12. ಕೆಲಸದಲ್ಲಿ ಬೆನ್ನು ಉಳುಕಿದರೆ ಕಾರ್ಮಿಕರ ಪರಿಹಾರ ವಿಮೆಯೂ ಉಂಟು.

ಇನ್ನೊಂದು ಬಗೆಯಲ್ಲಿ ಕೆಲಸಗಾರನು ಸ್ವತಂತ್ರ ಗುತ್ತಿಗೆದಾರ. ಮೇಬಲ್ ಈ ಜಾತಿಯದು. ಅವನು ಸರಕಾರದಿಂದ ವ್ಯಾಪಾರದ ಸಂಖ್ಯೆಯನ್ನು ತನ್ನ ಹೆಸರಿಗೆ ಪಡೆಯಬೇಕು, ದರವನ್ನು ತಾನೇ ಹೇಳಿ ಗೊತ್ತುಮಾಡಿಕೊಳ್ಳಬೇಕು. ಆದಾಯ ತೆರಿಗೆಯನ್ನು ಮೊದಲೇ ಹಿಡಿಯುವವರಿಲ್ಲ. ವರ್ಷದ ಕೊನೆಗೆ ತಾನೇ ಕಟ್ಟಬೇಕು. ನಿವೃತ್ತಿ ನಿಧಿಗೆ ಸಾಮಾನ್ಯವಾಗಿ ತಾನೇ ಉಳಿಸಬೇಕು. ಕೆಲವು ಆ್ಯಪ್‌ಗಳು ವಿಮೆಯ ಏರ್ಪಾಡು ಮಾಡಿರುತ್ತವೆ. ಆದರೆ ಅದು ಯಾವ ಅಪಘಾತಕ್ಕೆ ಸಲ್ಲುತ್ತದೆ, ಯಾವುದಕ್ಕೆ ಇಲ್ಲ ಎಂಬುದನ್ನು ಓದಿ ನೋಡಬೇಕು.

ಬರಿಯ ಲೆಕ್ಕಕ್ಕಾಗಿ ಒಂದು ಉದಾಹರಣೆ ಹಿಡಿಯೋಣ. ಗುತ್ತಿಗೆಯ ಹುಡುಗನಿಗೆ ತಾಸಿಗೆ 50 ಡಾಲರ್, ಆ್ಯಪಿನವರ ಪಾಲು ಹತ್ತಕ್ಕೆ ಒಂದು ಎಂದುಕೊಳ್ಳಿರಿ. ಕೈಗೆ ಬಂದದ್ದು 45. ನೌಕರನಿಗೆ ಧಣಿ ತುಂಬುವ 12ರ ದರದಲ್ಲಿ ಇವನೇ ನಿವೃತ್ತಿಗೆ ತೆಗೆದಿಟ್ಟರೆ 5 ಡಾಲರ್ 40 ಸೆಂಟು ಹೋಗಿ 39 ಡಾಲರ್ 60 ಸೆಂಟು ಉಳಿಯಿತು. ಅದರಲ್ಲಿ ತೆರಿಗೆ, ಮನೆಯಿಂದ ಮನೆಗೆ ಹೋಗುವ ಖರ್ಚು, ಜ್ವರ ಬಂದು ಮಲಗಿದ ದಿನದ ನಷ್ಟ. 50 ಎಂಬ ಅಂಕಿ ಊರಿಗೆ ಬರೆಯಲು ಚೆಂದ. ಬಾಳುವುದು ಉಳಿದ ಅಂಕಿಯ ಮೇಲೆ.

ಹಾಗೆಂದು ಗುತ್ತಿಗೆಯ ಪದ್ಧತಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅನುಭವವುಳ್ಳ ದಾದಿಯೊಬ್ಬಳು ತನ್ನ ದರವನ್ನು ತಾನೇ ಹೇಳಿ, ಮಕ್ಕಳು ಶಾಲೆಗೆ ಹೋದ ವೇಳೆಯಲ್ಲಿ ಮಾತ್ರ ಕೆಲಸ ಮಾಡಬಲ್ಲಳು. ತಿಳಿದು ಒಪ್ಪಿಕೊಂಡರೆ ಅದು ಸ್ವಾತಂತ್ರ್ಯ. ತಿಳಿಯದೆ ಒಪ್ಪಿಕೊಂಡರೆ ಧಣಿಯ ಹೊರೆಯೆಲ್ಲ ಕೂಲಿಯವನ ತಲೆಗೆ ಬಂದಂತೆ.

ಮನೆಯವರ ಮೇಲಿನ ಹೊಣೆ

ಮಿಲ್ಲಿನಲ್ಲಿ ಒಬ್ಬ ಬಾರದಿದ್ದರೆ ಬಾಗಿಲಲ್ಲಿ ಬದಲಿ ಕಾಮಗಾರ ನಿಂತಿರುತ್ತಾನೆ. ಹಳೆಯ ಸೇವಾಸಂಸ್ಥೆಯೂ ಹೇಗೋ ಒಬ್ಬ ಬದಲಿಯನ್ನು ಕಳಿಸುತ್ತಿತ್ತು. ಗುತ್ತಿಗೆಯ ಆ್ಯಪಿನಲ್ಲಿ ಬದಲಿಯನ್ನು ಹುಡುಕುವವರು ಸಾಮಾನ್ಯವಾಗಿ ಮನೆಯವರೇ. ಏಳಲಾರದ ಮನುಷ್ಯನಿಗೆ ಮುಂಜಾನೆ ಎಂಟಕ್ಕೆ ಬರಬೇಕಾದವನು ಬರಲಿಲ್ಲವೆಂದರೆ ಅದು ಒಂದು ದಿನದ ಖಾಡೆಯ ಮಾತಲ್ಲ.

ಆದರೆ ಹೆಸರು ಸಂಸ್ಥೆಯ ಮಸ್ಟರಿನಲ್ಲಿದ್ದ ಮಾತ್ರಕ್ಕೆ ಕಾಳಜಿ ತೀರಿತೆಂದೂ ತಿಳಿಯಬಾರದು. 2020ರ ಏಪ್ರಿಲಿನಲ್ಲಿ ಅಡಿಲೇಡ್ ನಗರದಲ್ಲಿ 54 ವರ್ಷದ ಅಂಗವಿಕಲ ಮಹಿಳೆಯೊಬ್ಬರು ಘೋರ ನಿರ್ಲಕ್ಷ್ಯದಿಂದ ತೀರಿಕೊಂಡರು. ಅವರನ್ನು ನೋಡಿಕೊಳ್ಳುತ್ತಿದ್ದವಳು ಒಬ್ಬಳೇ. ಅವಳು ಆ್ಯಪಿನವಳಲ್ಲ, ನೋಂದಾಯಿತ ಸಂಸ್ಥೆಯ ನೌಕರಳು. ವಿಚಾರಣೆ ಮಾಡಿದ ನಿವೃತ್ತ ನ್ಯಾಯಾಧೀಶ ಅಲನ್ ರಾಬರ್ಟ್‌ಸನ್ ಅವರು, ದುರ್ಬಲರಾದವರನ್ನು ಒಬ್ಬನೇ ಆರೈಕೆಗಾರನ ಕೈಗೆ ಬಿಡಕೂಡದೆಂದು ಹೇಳಿದರು. ನೌಕರನಾಗಲಿ, ಗುತ್ತಿಗೆದಾರನಾಗಲಿ, ಮುಚ್ಚಿದ ಬಾಗಿಲ ಹಿಂದೆ ಎರಡನೆಯ ಕಣ್ಣು ಇರಲೇಬೇಕು. ಈ ಒಂದು ಪಾಠ ಎಲ್ಲ ದೇಶಗಳಿಗೂ ಸಲ್ಲುತ್ತದೆ.

ಕಾಯದೆ ಮಾಡಿದ್ದೇನು

ಅಂಗವಿಕಲರ ಯೋಜನೆಯಲ್ಲಿ ದುಡಿಯುವ ಪ್ರತಿಯೊಬ್ಬನಿಗೂ, ಸಂಸ್ಥೆ ನೋಂದಾಯಿತವಾಗಿರಲಿ ಇಲ್ಲದಿರಲಿ, ಒಂದು ನಡತೆಯ ಸಂಹಿತೆ ಅನ್ವಯಿಸುತ್ತದೆ. ದೂರು ಕೇಳಲು 2018ರ ಜುಲೈಯಲ್ಲಿ ಬೇರೆ ಆಯೋಗವೇ ಆರಂಭವಾಯಿತು. 2021ರ ಫೆಬ್ರವರಿಯಿಂದ ಕೆಲಸಗಾರರ ಪೂರ್ವತನಿಖೆ ದೇಶಕ್ಕೆಲ್ಲ ಒಂದೇ ಬಗೆಯದಾಯಿತು. ಆ್ಯಪಿನ ಸಂಸ್ಥೆಗಳು ಕಡ್ಡಾಯವಾಗಿ ನೋಂದಾಯಿಸಬೇಕೆಂಬ ನಿರ್ಧಾರವನ್ನು ಸರಕಾರ 2024ರಲ್ಲಿ ಪ್ರಕಟಿಸಿತು. ವೃದ್ಧರ ಹೊಸ ಯೋಜನೆಯಲ್ಲಂತೂ, ಕೆಲಸಗಾರ ಹೊರಗಿನಿಂದ ಬಂದಿದ್ದರೂ ಸರಕಾರದ ಹಣ ಪಡೆಯುವ ನೋಂದಾಯಿತ ಸಂಸ್ಥೆಯೇ ಹೊಣೆ.

ಕೆಲಸಗಾರರ ಪಕ್ಷದಲ್ಲಿಯೂ ಒಂದು ಹೆಜ್ಜೆ ಮುಂದೆ ಬಿದ್ದಿದೆ. 2024ರ ಆಗಸ್ಟ್ 26ರಿಂದ ಆ್ಯಪಿನ ಗುತ್ತಿಗೆದಾರರಲ್ಲಿ ಕೆಲವರನ್ನು "ನೌಕರನಂಥ" ಕೆಲಸಗಾರರೆಂದು ಗುರುತಿಸಿ, ಅವರಿಗೆ ಕನಿಷ್ಠ ಸೌಕರ್ಯಗಳನ್ನು ಗೊತ್ತುಪಡಿಸುವ ಅಧಿಕಾರ ಆ ದೇಶದ ಕಾರ್ಮಿಕ ಆಯೋಗಕ್ಕೆ ಬಂದಿದೆ. 2025ರ ಫೆಬ್ರವರಿ 26ರಿಂದ, ಆರು ತಿಂಗಳು ಕ್ರಮವಾಗಿ ದುಡಿದ ಅಂಥವನ ಹೆಸರನ್ನು ಅನ್ಯಾಯವಾಗಿ ಆ್ಯಪಿನಿಂದ ತೆಗೆದುಹಾಕಿದರೆ ಅವನು ಅಲ್ಲಿ ದೂರು ಕೊಡಬಹುದು. ನಮ್ಮ ದೇಶದಲ್ಲಿಯೂ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಆ್ಯಪಿನ ಕೆಲಸಗಾರರ ಪ್ರಸ್ತಾಪವಿದೆ. 2025ರ ನವೆಂಬರ್ 21ರಿಂದ ಆ ಸಂಹಿತೆ ಜಾರಿಗೆ ಬಂದಿದೆ.

ನಮ್ಮವರು ಕೇಳಬೇಕಾದ ಪ್ರಶ್ನೆಗಳು

ಅಲ್ಲಿಗೆ ಹೋಗುವ ನಮ್ಮ ಹುಡುಗರು ಕೆಲಸ ಹಿಡಿಯುವ ಮೊದಲು ಇಷ್ಟನ್ನಾದರೂ ಕೇಳಿ ತಿಳಿಯಲಿ: ನಾನು ನೌಕರನೋ, ಗುತ್ತಿಗೆದಾರನೋ? ಆ್ಯಪಿನವರು ಹಿಡಿಯುವ ಪಾಲೆಷ್ಟು? ನಿವೃತ್ತಿ ನಿಧಿಗೆ ತುಂಬುವವರು ಯಾರು? ಪೆಟ್ಟಾದರೆ ಹೊಣೆ ಯಾರದು? ನಾನು ಬಾರದ ದಿನ ಆ ಮನೆಯವರ ಗತಿಯೇನು? ಕೊನೆಯ ಪ್ರಶ್ನೆ ಕಾಯದೆಯದಲ್ಲ, ಮನುಷ್ಯತ್ವದ್ದು.

ಓದಲು ಹೋದವರು ಇನ್ನೊಂದನ್ನು ಮರೆಯಬಾರದು. 2023ರ ಜುಲೈ 1ರಿಂದ ವಿದ್ಯಾರ್ಥಿ ವೀಸಾದವರು ಪಾಠಗಳು ನಡೆಯುವ ಕಾಲದಲ್ಲಿ ಎರಡು ವಾರಕ್ಕೆ 48 ತಾಸಿಗಿಂತ ಹೆಚ್ಚು ದುಡಿಯುವಂತಿಲ್ಲ. ವೃದ್ಧರ ಆರೈಕೆಯಲ್ಲಿದ್ದ ಕೆಲವರಿಗೆ ಕೊಟ್ಟಿದ್ದ ವಿನಾಯಿತಿಯೂ 2023ರ ಡಿಸೆಂಬರಿಗೆ ಮುಗಿಯಿತು.

ಮಿತ್ರರೂ ನಾನೂ ವಾಚನಾಲಯದ ಮೇಜಿನ ಮೇಲೆ ಹುಡುಗನ ತಾಸುಗಳನ್ನು ಬರೆದು ಕೂಡಿಸಿದೆವು. ವೃದ್ಧರ ಮನೆಯಲ್ಲಿ ವಾರಕ್ಕೆ 15, ಎರಡು ವಾರಕ್ಕೆ 30. ಶನಿವಾರ ರವಿವಾರ ಒಂದು ಅಂಗಡಿಯಲ್ಲಿ ಐದೈದು ತಾಸು, ಎರಡು ವಾರಕ್ಕೆ 20. ಒಟ್ಟು 50! ತನಗೆ ತಾನೇ ಧಣಿಯಾದ್ದರಿಂದ ಗುತ್ತಿಗೆಯ ತಾಸು ಲೆಕ್ಕಕ್ಕೆ ಬಾರದೆಂದು ಅವನು ತಿಳಿದಿದ್ದ. ಅದೂ ದುಡಿಮೆಯೇ, ಅದೂ ಲೆಕ್ಕಕ್ಕೆ ಬರುತ್ತದೆ. ಎರಡೇ ತಾಸಿನ ತಪ್ಪಿನಿಂದ ವೀಸಾಕ್ಕೆ ಕುತ್ತು ಬಂದು, ಅಕ್ಕ ಭಾವ ಸಾಲ ಮಾಡಿ ಕಳಿಸಿದ ಓದು ನಿಲ್ಲಬಹುದಾಗಿತ್ತು.

ಮಿತ್ರರು ಆ ರಾತ್ರಿಯೇ ಅವನಿಗೆ ಫೋನು ಮಾಡಿದರು. ಅವನು ಅಂಗಡಿಯ ಒಂದು ಪಾಳಿಯನ್ನು ಬಿಟ್ಟನಂತೆ. ವೃದ್ಧರ ಮನೆಯದನ್ನು ಬಿಡಲಿಲ್ಲ. "ಅಜ್ಜ ಬಾಗಿಲ ಕಡೆಗೇ ನೋಡುತ್ತ ಕೂತಿರುತ್ತಾರೆ ಮಾಮಾ" ಎಂದನಂತೆ. ನಿವೃತ್ತಿಗೆಂದು ಬೇರೆ ಖಾತೆಯನ್ನೂ ತೆರೆದಿದ್ದಾನೆ. ವಾಚಕರಲ್ಲಿ ಯಾರ ಮನೆಯ ಮಕ್ಕಳಾದರೂ ಇಂಥ ಕೆಲಸದಲ್ಲಿದ್ದರೆ ಅವರ ತಾಸುಗಳನ್ನು ಒಂದು ಚೀಟಿಯಲ್ಲಿ ಬರೆದು ತನ್ನಿರಿ. ಸಂಜೆ ಏಳರ ಮೇಲೆ ನಾನು ಇಲ್ಲಿಯೇ ಇರುತ್ತೇನೆ, ಕೂಡಿಸಿ ನೋಡೋಣ.