ಅರವತ್ತೇಳರ ಅಜ್ಜಿಯ ಹೆಗಲ ಚೀಲ

ತಿಂಗಳುಗಟ್ಟಲೆ ಕಾಲ್ನಡಿಗೆಯ ಪಯಣಕ್ಕೆ ಹೊರಡುವವರು ಮೊದಲು ಮಾಡಬೇಕಾದ ಕೆಲಸ ಯಾವುದು? ಚೀಲ ತುಂಬುವುದೆಂದು ಬಹುಮಂದಿ ಹೇಳಿಯಾರು. ಏನನ್ನು ತುಂಬಬಾರದೆಂದು ನಿಶ್ಚಯಿಸುವುದೇ ಮೊದಲ ಕೆಲಸವೆಂಬುದನ್ನು ಅಮೆರಿಕದ ಒಬ್ಬ ವೃದ್ಧೆ ನಡೆದು ತೋರಿಸಿದಳು.

ಆ ದೇಶದ ಪೂರ್ವಭಾಗದಲ್ಲಿ ಆಪಲಾಚಿಯನ್ ಪರ್ವತಶ್ರೇಣಿಯುದ್ದಕ್ಕೂ ಒಂದು ಕಾಲುದಾರಿಯಿದೆ. ದಕ್ಷಿಣದ ಜಾರ್ಜಿಯದಿಂದ ಉತ್ತರದ ಮೇಯ್ನ್‌ನಲ್ಲಿರುವ ಕಟಾಡಿನ್ ಶಿಖರದವರೆಗೆ ಅದು ಹದಿನಾಲ್ಕು ಸಂಸ್ಥಾನಗಳನ್ನು ಹಾಯುತ್ತದೆ. ಇಂದು ಅದರ ಉದ್ದ ಸುಮಾರು 3,500 ಕಿಲೋಮೀಟರು. ಬೆಂಟನ್ ಮೆಕೈ ಎಂಬಾತ 1921ರಲ್ಲಿ ಇದರ ಕಲ್ಪನೆಯನ್ನು ಮುಂದಿಟ್ಟ. 1937ರಲ್ಲಿ ದಾರಿ ಪೂರ್ಣಗೊಂಡಿತು. ಮರಗಳ ಮೇಲೆ ಬಳಿದ ಬಿಳಿಯ ಪಟ್ಟೆಗಳೇ ಇಲ್ಲಿ ಪಥಿಕರಿಗೆ ದಾರಿ ತೋರುತ್ತವೆ.

1955ರ ಮೇ ತಿಂಗಳಿನಲ್ಲಿ ಒಹಾಯೋದ ಎಮ್ಮಾ ಗೇಟ್‌ವುಡ್ ದಕ್ಷಿಣದ ತುದಿಯಿಂದ ಹೊರಟಾಗ ಆಕೆಗೆ 67 ವರ್ಷ. ಹನ್ನೊಂದು ಮಕ್ಕಳ ತಾಯಿ. ಹೊಲದ ದುಡಿಮೆಯಲ್ಲಿ ಮೈ ಗಟ್ಟಿಯಾದವಳು. ಗಂಡನ ಹೊಡೆತಗಳನ್ನು ವರ್ಷಗಟ್ಟಲೆ ಸಹಿಸಿ, ಕಡೆಗೆ ವಿಚ್ಛೇದನ ಪಡೆದವಳು. ತಿರುಗಾಡಲು ಹೋಗುತ್ತೇನೆಂದು ಮಾತ್ರ ಮಕ್ಕಳಿಗೆ ತಿಳಿಸಿದ್ದಳು! ಹೆಗಲಲ್ಲಿದ್ದುದು ತಾನೇ ಹೊಲಿದ ಡೆನಿಮ್ ಚೀಲ. ಭಾರ ಹತ್ತು ಕಿಲೋಗ್ರಾಮಿಗಿಂತ ಕಡಿಮೆ. ಗುಡಾರವಿಲ್ಲ, ಮಲಗುವ ಚೀಲವಿಲ್ಲ. ಹೊದೆಯಲು ಕಂಬಳಿ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ, ಬುತ್ತಿಗೆ ಒಣಹಣ್ಣು ಮತ್ತು ಬೀಜಗಳು, ಕಾಲಿಗೆ ಕ್ಯಾನ್‌ವಾಸ್ ಬೂಟು. ಚಳಿಯ ರಾತ್ರಿಗಳಲ್ಲಿ ಬೆಂಕಿಯಲ್ಲಿ ಕಾಯಿಸಿದ ಕಲ್ಲುಗಳ ಮೇಲೆ ಮಲಗಿದಳು. 146 ದಿನಗಳ ಬಳಿಕ, ಆರೇಳು ಜೊತೆ ಬೂಟುಗಳು ಸವೆದ ಮೇಲೆ, ಸೆಪ್ಟೆಂಬರ್ 25ರಂದು ಕಟಾಡಿನ್ ಏರಿದಳು. ಒಂದೇ ಋತುವಿನಲ್ಲಿ ಇಡೀ ದಾರಿಯನ್ನು ಏಕಾಂಗಿಯಾಗಿ ಕ್ರಮಿಸಿದ ಪ್ರಥಮ ಮಹಿಳೆ ಆಕೆ.

ಇದು ಕೇವಲ ಅದೃಷ್ಟವೆಂದು ಯಾರೂ ಭಾವಿಸದಿರಲಿ. ಹಿಂದಿನ ವರ್ಷವೇ ಆಕೆ ಉತ್ತರದ ತುದಿಯಿಂದ ಹೊರಟು, ಮೇಯ್ನ್‌ನ ಅರಣ್ಯದಲ್ಲಿ ದಾರಿ ತಪ್ಪಿದ್ದಳು, ಕನ್ನಡಕವೂ ಒಡೆದಿತ್ತು. ಮನೆಗೆ ಹಿಂದಿರುಗುವಂತೆ ಅರಣ್ಯರಕ್ಷಕರು ಬುದ್ಧಿ ಹೇಳಿದ್ದರು. ಮರುವರ್ಷ ಆಕೆ ದಿಕ್ಕನ್ನೇ ಬದಲಿಸಿದಳು. ಅತ್ಯಂತ ದುರ್ಗಮವಾದ ಮೇಯ್ನ್ ಕಡೆಗೆ ಉಳಿಯಿತು. ಅಲ್ಲಿಗೆ ತಲುಪುವಾಗ ನಾಲ್ಕು ತಿಂಗಳ ನಡಿಗೆ ಕಾಲುಗಳನ್ನು ಪಳಗಿಸಿತ್ತು. ಸೋಲೇ ಆಕೆಯ ಪೂರ್ವಸಿದ್ಧತೆಯಾಯಿತು.

ಈಗಲೂ ಇಡೀ ದಾರಿಯನ್ನು ನಡೆಯಲು ಹೊರಟವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಮಾತ್ರ ಗುರಿ ಮುಟ್ಟುತ್ತಾರೆ. ದಕ್ಷಿಣದಿಂದ ಐವತ್ತು ಕಿಲೋಮೀಟರು ನಡೆದರೆ ಸಿಗುವ ನೀಲ್ ಗ್ಯಾಪ್ ಎಂಬಲ್ಲಿ ಒಂದು ಅಂಗಡಿಯಿದೆ. ಪಥಿಕರು ಅಲ್ಲಿ ಚೀಲ ಬಿಚ್ಚಿ, ಹೆಚ್ಚಾದುದನ್ನು ಮನೆಗೆ ಕಳುಹಿಸಿಬಿಡುತ್ತಾರೆ. ಮನೆಯಲ್ಲಿ ಅತ್ಯವಶ್ಯವೆನಿಸಿದ್ದು ಮೂರೇ ದಿನಗಳ ಏರಿನಲ್ಲಿ ಹೊರೆಯಾಗಿರುತ್ತದೆ!

ಹಾಗೆಂದು ಕಂಬಳಿ, ಪರದೆಗಳನ್ನೇ ಹೊತ್ತು ಹೊರಡಬೇಕಾಗಿಲ್ಲ. ಇಂದು ಹಗುರವಾದ ಗುಡಾರಗಳೂ ಬೆಚ್ಚನೆಯ ಹೊದಿಕೆಗಳೂ ದೊರೆಯುತ್ತವೆ. ಚಳಿಮಳೆಯೊಡನೆ ಪಂತ ಕಟ್ಟುವುದು ಜಾಣತನವಲ್ಲ. ಚೀಲದ ಭಾರ ದೇಹತೂಕದ ಐದನೆಯ ಒಂದು ಭಾಗವನ್ನು ಮೀರದಿರುವುದು ಲೇಸು. ಅದು ಹೆಗಲಿಗಿಂತ ಹೆಚ್ಚಾಗಿ ಸೊಂಟದ ಮೇಲೆ ಕೂರಬೇಕು. ನೀರಿನ ತೂಕವನ್ನು ಮರೆಯಬಾರದು. ಲೀಟರಿಗೆ ಒಂದು ಕಿಲೋಗ್ರಾಂ. ದಿನಗಟ್ಟಲೆ ನಡೆದ ಪಾದ ಊದಿಕೊಳ್ಳುವುದರಿಂದ ಬೂಟು ತುಸು ಸಡಿಲವಾಗಿರಲಿ. ಹೊರಡುವ ಮುನ್ನ, ತುಂಬಿದ ಅದೇ ಚೀಲವನ್ನು ಹೊತ್ತು, ಅದೇ ಬೂಟು ತೊಟ್ಟು, ಎರಡು ಮೂರು ದಿನ ಸತತವಾಗಿ ಬೆಟ್ಟ ಹತ್ತಿಳಿಯಬೇಕು. ಬೊಬ್ಬೆ ಏಳುವುದಾದರೆ ಮನೆಯ ಸಮೀಪದಲ್ಲೇ ಏಳಲಿ.

1957ರಲ್ಲಿ ಅಜ್ಜಿ ಅದೇ ದಾರಿಯನ್ನು ಮತ್ತೊಮ್ಮೆ ಮುಗಿಸಿದಳು. 1973ರಲ್ಲಿ ತೀರಿಕೊಂಡಾಗ ವಯಸ್ಸು 85. ಮನೆಯಲ್ಲಿ ಬಹುಕಾಲ ಹೊತ್ತ ಹೊರೆಯ ಮುಂದೆ ಆ ಡೆನಿಮ್ ಚೀಲ ಆಕೆಗೆ ಭಾರವೆನಿಸಿರಲಾರದು.