ಹಿತ್ತಲಿನದಲ್ಲದ ಬ್ರಹ್ಮಕಮಲ

ಮಳೆಗಾಲದ ಒಂದು ರಾತ್ರಿ ಕುಂಡದ ಗಿಡದಲ್ಲಿ ಬಿಳಿ ಮೊಗ್ಗು ಬಿರಿಯುತ್ತದೆ. ಅಕ್ಕಪಕ್ಕದವರನ್ನು ಕರೆದು, ಅರಿಸಿನ ಕುಂಕುಮ ಇಟ್ಟು, ಆರತಿ ಎತ್ತಿ, ಫೋಟೊ ತೆಗೆದು ಮಲಗಿ ಏಳುವಷ್ಟರಲ್ಲಿ ಹೂವು ಜೋತುಬಿದ್ದಿರುತ್ತದೆ. ಕರ್ನಾಟಕದಲ್ಲಿ ಬ್ರಹ್ಮಕಮಲ ಎಂದರೆ ಬಹುತೇಕ ಜನರಿಗೆ ಇದೇ. ಅಸಲಿಗೆ ಇದು ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯಿಂದ ಬಂದ ಕಳ್ಳಿ ಜಾತಿಯ ಗಿಡ. ನಾವು ಎಲೆ ಎಂದುಕೊಳ್ಳುವುದು ಅದರ ಚಪ್ಪಟೆ ಕಾಂಡ; ಒಂದು ತುಂಡು ಮುರಿದು ಮಣ್ಣಿಗೆ ಊರಿದರೆ ಸಾಕು, ಬೇರು ಬಿಡುತ್ತದೆ. ಉತ್ತರಾಖಂಡದ ರಾಜ್ಯಪುಷ್ಪವಾದ ಬ್ರಹ್ಮಕಮಲಕ್ಕೂ ಇದಕ್ಕೂ ಹೆಸರೊಂದು ಬಿಟ್ಟರೆ ಯಾವ ನಂಟೂ ಇಲ್ಲ. ಹೆಸರಿನ ಗೊಂದಲ ತಾನೇ, ಯಾರ ಗಂಟೇನು ಹೋಯಿತು ಎನ್ನಬಹುದು. ಹೋಗುವುದು ಹಿಮಾಲಯದ ಆ ಹೂವಿನ ಗಂಟು. ನಾಲ್ಕು ಮನೆಗೊಂದರಂತೆ ಬೆಳೆಯುವ ಗಿಡವನ್ನು ಅಪರೂಪದ್ದೆಂದು ಕಾಯುವವರು ಯಾರು? ಅದೇ ಹೆಸರು ಹೊತ್ತ ತಪ್ಪಿಗೆ ಹಿಮಾಲಯದ ಗಿಡವೂ ಅಗ್ಗವಾಗಿ ಕಾಣತೊಡಗುತ್ತದೆ.

ಹಿಮಾಲಯದ ಬ್ರಹ್ಮಕಮಲ ಕಮಲವೂ ಅಲ್ಲ, ಸೇವಂತಿಗೆ ಮತ್ತು ಸೂರ್ಯಕಾಂತಿಯ ಬಳಗದ್ದು. ಸಸ್ಯವಿಜ್ಞಾನಿಗಳು ಅದನ್ನು ಸಾಸ್ಯೂರಿಯಾ ಆಬ್ವಲ್ಲಾಟಾ ಎನ್ನುತ್ತಾರೆ. (ಆಲ್ಪ್ಸ್ ಪರ್ವತ ಸುತ್ತಿದ ಸ್ವಿಸ್ ವಿಜ್ಞಾನಿಗಳ ಮನೆತನವೊಂದರ ಹೆಸರು ನಮ್ಮ ದೇವರ ಹೂವಿಗೆ ಅಂಟಿಕೊಂಡಿದೆ!) ಮರಗಳ ಗಡಿ ಮುಗಿದ ಮೇಲೆ, ಸುಮಾರು 3,700ರಿಂದ 4,600 ಮೀಟರ್ ಎತ್ತರದಲ್ಲಿ, ಕಲ್ಲುಬಂಡೆಗಳ ಸಂದಿಯಲ್ಲಿ ಅದರ ವಾಸ. ಒಂದರ ಮೇಲೊಂದು ಎರಡು ಮುಳ್ಳಯ್ಯನಗಿರಿ ಇಟ್ಟಷ್ಟು ಎತ್ತರ ಅದು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಅರಳುವ ಈ ಹೂವಿನಲ್ಲಿ ನಾವು ದಳವೆಂದು ಮೆಚ್ಚುವುದು ದಳವಲ್ಲ, ಬಾಳೆಮೂತಿಗೆ ಇರುವಂಥ ಪೊರೆ. ಆದರೆ ಇದು ಈರುಳ್ಳಿ ಸಿಪ್ಪೆಯಷ್ಟು ತೆಳು, ನಸುಹಳದಿ, ಬೆಳಕಿಗೆ ಹಿಡಿದರೆ ನರಗಳು ಎಣಿಸುವಷ್ಟು ಸ್ಪಷ್ಟ. ಪೊರೆ ಸರಿಸಿದರೆ ಒಳಗೆ ನೇರಳೆ ಬಣ್ಣದ ಗೊಂಡೆಗಳು. ಅವೇ ನಿಜವಾದ ಹೂವಿನ ಗೊಂಚಲು. ಪೊರೆ ಬಿಸಿಲನ್ನು ಒಳಬಿಟ್ಟು ಗಾಳಿಯನ್ನು ತಡೆಯುತ್ತದೆ, ಪರಾಗ ಮಳೆಗೆ ತೊಯ್ಯದಂತೆ ಕಾಯುತ್ತದೆ, ಒಳಗನ್ನು ಬೆಚ್ಚಗಿಡುತ್ತದೆ. ಪಾಲಿಹೌಸ್ ಕಟ್ಟಿ ದಪ್ಪ ಮೆಣಸಿನಕಾಯಿ ಬೆಳೆಯುವ ರೈತರಿಗೆ ಈ ಉಪಾಯವನ್ನು ಬಿಡಿಸಿ ಹೇಳಬೇಕಿಲ್ಲ. ಹಿಮ ಕರಗಿ ಮತ್ತೆ ಬೀಳುವ ನಡುವಿನ ಕೆಲವೇ ತಿಂಗಳಲ್ಲಿ ಅರಳಿ, ಪರಾಗಸ್ಪರ್ಶವಾಗಿ, ಬೀಜ ಬಲಿಯಬೇಕು. ಈ ಏರ್ಪಾಡೆಲ್ಲ ಅದಕ್ಕೇ.

ಇಲ್ಲಿಯೇ ಪೇಚು. ಗೊಂಡೆಯ ಒಂದೊಂದು ಪುಟ್ಟ ಹೂವೂ ಒಂದೊಂದು ಬೀಜವಾಗಬೇಕಾದದ್ದು. ಪೂಜೆಗೆ ಬೇಕಾಗುವುದೋ ಬೀಜ ಬಲಿತು ಒಣಗಿದ ತಲೆಯಲ್ಲ, ನಳನಳಿಸುವ ಹೂವು. ಹಾಗಾಗಿ ಹೂವೊಂದನ್ನು ಕಿತ್ತರೆ ಬೀಜದ ಒಂದು ಇಡೀ ಗೊಂಚಲು ಹೋದಂತೆ. ಗುಡ್ಡದ ಜನ ತಲೆತಲಾಂತರದಿಂದ ಕಿತ್ತು ತಂದಿಲ್ಲವೇ, ಆಗ ಅಳಿಯದ ಹೂವು ಈಗೇಕೆ ಅಳಿಯುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಭಾದ್ರಪದದ ನಂದಾಷ್ಟಮಿಗೆ ನಂದಾದೇವಿಗೆ ಬ್ರಹ್ಮಕಮಲ ಅರ್ಪಿಸುವ ಗಢವಾಲ, ಕುಮಾವೂಂ ಸೀಮೆಯ ಸಂಪ್ರದಾಯವನ್ನು ಅಪರಾಧವೆನ್ನುವುದು ಅನ್ಯಾಯ. ಆದರೆ ಊರಿನ ಕೆಲವರು ಹಬ್ಬಕ್ಕೆಂದು ಬೆಟ್ಟ ಹತ್ತಿ ತರುವುದು ಒಂದು ಲೆಕ್ಕ. ಕೇದಾರ, ಬದರಿ ಯಾತ್ರೆಗೆ ದೂರದಿಂದ ಬರುವ ಜನಸಾಗರಕ್ಕೆಂದು ಹೂವು ಕೀಳುವುದು ಬೇರೆಯೇ ಲೆಕ್ಕ. 2023ರಲ್ಲಿ ಕೇದಾರನಾಥವೊಂದಕ್ಕೇ ಬಂದ ಯಾತ್ರಿಕರು 19 ಲಕ್ಷ ದಾಟಿದರು. ಅವರಲ್ಲಿ ನೂರಕ್ಕೊಬ್ಬರು ಒಂದೊಂದು ಹೂವು ಬಯಸಿದರೂ ಹತ್ತೊಂಬತ್ತು ಸಾವಿರ ಹೂವು ಬೇಕು.

ಭೂಮಿ ಬಿಸಿಯಾಗುತ್ತಿರುವಾಗ ಪೂಜೆಯ ನಾಲ್ಕು ಹೂವಿನ ಲೆಕ್ಕ ಹಿಡಿಯುವುದು ಆನೆಯನ್ನು ಬಿಟ್ಟು ಇರುವೆಯ ಬೆನ್ನು ಹತ್ತಿದಂತೆ ಎನ್ನುವವರೂ ಇದ್ದಾರೆ. ಬಿಸಿ ದೊಡ್ಡ ಶತ್ರು ಎಂಬುದು ನಿಜ. ಚಳಿಗೆ ಒಗ್ಗಿದ ಸಸ್ಯಗಳು ಬದುಕಲು ಇನ್ನೂ ಮೇಲಕ್ಕೆ ಸರಿಯಬೇಕಾಗುತ್ತದೆ. ಮೇಲೆ ಹೋದಷ್ಟೂ ಬೆಟ್ಟ ಕಿರಿದಾಗುತ್ತದೆ. ಆದರೆ ನಿಂತಲ್ಲೇ ಬೇರೂರಿದ ಗಿಡ ಮೇಲಕ್ಕೆ ಹೋಗುವುದು ಹೇಗೆ? ನವಿರು ಕೂದಲಿನ ಗರಿ ಕಟ್ಟಿಕೊಂಡು ಗಾಳಿಗೆ ಹಾರುವ ಬೀಜದ ಮೂಲಕ. ಬಿಸಿ ಏರಿದಷ್ಟೂ ಪ್ರತಿ ಬೀಜದ ಬೆಲೆಯೂ ಏರುತ್ತದೆ. ಹೂವು ಕೀಳುವವರು ಗಿಡದ ಕೈಯಿಂದ ಏಣಿಯನ್ನೇ ಕಸಿದುಕೊಂಡಂತಾಯಿತು. ಹವಾಮಾನ ಬದಲಾವಣೆ ನಮ್ಮೊಬ್ಬರ ಕೈಯಲ್ಲಿಲ್ಲ, ಹೂವು ಕೊಳ್ಳುವ ಬಿಡುವ ಮಾತು ಮಾತ್ರ ನಮ್ಮದೇ.

ಭಕ್ತಿಗೆ ಹೂವೇ ಬೇಕೆಂದೇನೂ ಇಲ್ಲ. ಬದರಿಯಲ್ಲಿ ನಾರಾಯಣನಿಗೆ ತುಳಸಿ ಮಾಲೆ ವಾಡಿಕೆ, ಕೇದಾರದ ಶಿವನಿಗೆ ಬಿಲ್ವಪತ್ರೆ ಒಲ್ಲದ್ದಲ್ಲ. ಈ ವರ್ಷ ಆ ಕಡೆ ಹೊರಟಿರುವವರು ಬ್ರಹ್ಮಕಮಲವನ್ನು ಗಿಡದ ಮೇಲೆಯೇ ನೋಡಿ ಕೈಮುಗಿದು ಬನ್ನಿ. ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.